ಎಣ್ಣೆ ಡಬ್ಬಿಯ ಸಣ್ಣಕ್ಷರ: ಕುಲಾಂತರಿ ಬೇಡ ಎನ್ನುವವರ ಕಿರಾಣಿ ಚೀಟಿ

ಧಾರವಾಡದಲ್ಲಿ ಸೂಪರ್ ಮಾರ್ಕೆಟ್ ಎಂದರೆ ಕಾಯಿಪಲ್ಲೆ ಪೇಟೆ. ಹೋದ ತಿಂಗಳು ಅಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳು ಬದನೆಕಾಯಿ ಆರಿಸುತ್ತ, "ಇವು ಬೀಟಿ ಅಲ್ಲ ಹೌದಲ್ರಿ?" ಎಂದು ಕೇಳಿದಳು. ಮಾರುವಾಕೆ ಒಂದು ಕಾಯಿ ಎತ್ತಿ ಹಿಡಿದು, "ಬೀಟಿ ಗೀಟಿ ಏನಿಲ್ರಿ ಅಕ್ಕಾರ, ಜವಾರಿ ಅದಾವ. ತೊಟ್ಟಿನ ಮುಳ್ಳು ನೋಡ್ರಿ" ಎಂದಳು. ಇವಳು ಸಮಾಧಾನದಿಂದ ಅರ್ಧ ಕಿಲೊ ತೂಗಿಸಿಕೊಂಡು ಚೀಲಕ್ಕೆ ಹಾಕಿಕೊಂಡಳು. ಆ ಚೀಲದಲ್ಲಿ ಅದಾಗಲೇ ಕೊಂಡಿದ್ದ ಒಂದು ಲೀಟರಿನ ಎಣ್ಣೆ ಪಾಕೀಟು ಇತ್ತು. ರಿಫೈನ್ಡ್ ಸೋಯಾಬೀನ್ ಎಣ್ಣೆ.

ಅವಳಿಗೆ ಹೇಳಬೇಕು ಎನಿಸಿತು. ಗುರುತು ಪರಿಚಯವಿಲ್ಲದವರಿಗೆ ಸಂತೆಯಲ್ಲಿ ಉಪದೇಶ ಮಾಡುವುದು ಸರಿಯಲ್ಲ ಎಂದು ಸುಮ್ಮನಾದೆ. ಆದರೆ ಅವಳ ಕಾಳಜಿ ನಿಜವಾದದ್ದು, ಆ ಕಾಳಜಿ ತಪ್ಪು ಜಾಗದಲ್ಲಿ ಖರ್ಚಾಗುತ್ತಿತ್ತು. ಕುಲಾಂತರಿ ಬೇಡ ಎನ್ನುವ ಬಹಳಷ್ಟು ಮನೆಗಳಲ್ಲಿ ಹೀಗೇ ನಡೆದಿದೆ. ಅನುಮಾನವೆಲ್ಲ ತರಕಾರಿ ಬುಟ್ಟಿಯ ಮೇಲೆ. ಕುಲಾಂತರಿ ಬೆಳೆ ನಮ್ಮ ಅಡುಗೆಮನೆಗೆ ಬರುವುದು ಮಾತ್ರ ಎಣ್ಣೆ ಡಬ್ಬಿಯಲ್ಲಿ, ಕರಿದ ತಿಂಡಿಯಲ್ಲಿ, ಹೊರದೇಶದ ಪಾಕೀಟಿನಲ್ಲಿ. ಅಂದು ಹೇಳದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಬದನೆಯ ಮೇಲಿನ ಅನುಮಾನ

ಬದನೆಯ ಮೇಲೆ ಜನರಿಗೆ ಅನುಮಾನ ಬಂದದ್ದು ಸುಮ್ಮನೆ ಅಲ್ಲ. ಅದರಲ್ಲಿ ನಮ್ಮೂರಿನದೂ ಒಂದು ಪಾಲಿದೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯದ ವಂಶವಾಹಿಯನ್ನು ಗಿಡಕ್ಕೆ ಸೇರಿಸಿ, ಕಾಯಿಕೊರಕ ಹುಳು ಗಿಡ ತಿಂದರೆ ಸಾಯುವಂತೆ ಮಾಡುವುದು ಬೀಟಿ ತಂತ್ರ. ಮಹೈಕೊ ಬೀಜ ಕಂಪನಿಯ ಜತೆಗೂಡಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದನ್ನು ಸ್ಥಳೀಯ ಬದನೆ ತಳಿಗಳಿಗೆ ಸೇರಿಸುವ ಕೆಲಸ ಮಾಡಿತ್ತು. ಮಲಾಪುರ, ಕುಡಚಿ, ರಬಕವಿಯ ತಳಿಗಳ ಜತೆ ಉಡುಪಿಯ ಗುಳ್ಳವೂ ಆ ಪಟ್ಟಿಯಲ್ಲಿತ್ತು. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಜಿಇಎಸಿ ಬೀಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ದೇಶವೆಲ್ಲ ಗದ್ದಲವಾಯಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಸಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ, 2010ರ ಫೆಬ್ರುವರಿ 6ರಂದು. ಮೂರೇ ದಿನಕ್ಕೆ, ಫೆಬ್ರುವರಿ 9ರಂದು, ಬೀಟಿ ಬದನೆಗೆ ತಡೆ ಬಿತ್ತು.

ಆ ತಡೆ ತೆರವಾಗಿಲ್ಲ. ಬಾಂಗ್ಲಾದೇಶದ ರೈತರು 2014ರಿಂದ ಬೀಟಿ ಬದನೆ ಬೆಳೆಯುತ್ತಿದ್ದಾರೆ. ಹರಿಯಾಣದ ಹೊಲವೊಂದರಲ್ಲಿ 2019ರಲ್ಲಿ ಅಕ್ರಮವಾಗಿ ಬೆಳೆದದ್ದು ಸಿಕ್ಕಿಬಿದ್ದು ಸುದ್ದಿಯಾಯಿತು. ಭಾರತದಲ್ಲಿ ಕಾನೂನಿನ ಪ್ರಕಾರ ಮಾರಾಟಕ್ಕೆ ಬೀಟಿ ಬದನೆ ಇಲ್ಲ. ಆದ್ದರಿಂದ ಮಟ್ಟು ಗುಳ್ಳವನ್ನೋ ಎಣ್ಣೆಗಾಯಿಗೆ ಬೇಕಾದ ಗುಂಡು ಬದನೆಯನ್ನೋ ಅಂಜಿಕೆಯಿಲ್ಲದೆ ತನ್ನಿ. ತೊಟ್ಟಿಗೆ ಮುಳ್ಳು ಇದೆಯೋ ಇಲ್ಲವೋ ಎನ್ನುವುದು ತಳಿಯ ಗುಣ. ಅದರಿಂದ ಬೀಟಿ ಹೌದೋ ಅಲ್ಲವೋ ತಿಳಿಯುವುದಿಲ್ಲ.

ಇಲ್ಲಿ ಮೂರು ಮಾತುಗಳನ್ನು ಬಿಡಿಸಿ ಹೇಳಬೇಕು, ಏಕೆಂದರೆ ಪೇಟೆಯಲ್ಲಿ ಮೂರೂ ಒಂದರೊಳಗೊಂದು ಕಲಸಿಹೋಗಿವೆ. ಜವಾರಿ, ಹಳೆ ಮೈಸೂರಿನ ಕಡೆ ನಾಟಿ ಎನ್ನುವುದು, ಊರಿನ ಮಣ್ಣಿಗೆ ಒಗ್ಗಿ ಬಂದ ತಳಿ. ಅದರ ಬೀಜ ತೆಗೆದಿಟ್ಟು ಮತ್ತೆ ಬಿತ್ತಬಹುದು. ಹೈಬ್ರಿಡ್ ಎಂದರೆ ಒಂದೇ ಜಾತಿಯ ಎರಡು ತಳಿಗಳನ್ನು ಹೂವಿನ ಪರಾಗದಿಂದಲೇ ಕೂಡಿಸಿದ್ದು. ಇಳುವರಿ ಹೆಚ್ಚು, ಆದರೆ ಅದರ ಬೀಜ ತೆಗೆದು ಬಿತ್ತಿದರೆ ಮರುವರ್ಷ ಅದೇ ಗುಣ ಬರುವುದಿಲ್ಲ. ಕುಲಾಂತರಿ ಎಂದರೆ ಪರಾಗದ ದಾರಿಯನ್ನು ಬಿಟ್ಟು, ಪ್ರಯೋಗಾಲಯದಲ್ಲಿ ಬೇರೆ ಜೀವಿಯ ವಂಶವಾಹಿಯನ್ನು ನೇರವಾಗಿ ಗಿಡದೊಳಗೆ ಸೇರಿಸಿದ್ದು. ಹೈಬ್ರಿಡ್ ಎಲ್ಲವೂ ಕುಲಾಂತರಿ ಅಲ್ಲ. ಹುಳಿಯಿಲ್ಲದ, ಹದಿನೈದು ದಿನ ಇಟ್ಟರೂ ಕೆಡದ ಗಟ್ಟಿ ಟೊಮೆಟೊ ಹೈಬ್ರಿಡ್. ಪಟ್ಟಣದ ಅಂಗಡಿಗಳ ಕೆಂಪು ತಿರುಳಿನ ಪಪ್ಪಾಯಿ ಹೈಬ್ರಿಡ್. ಸ್ವೀಟ್ ಕಾರ್ನ್ ಹೈಬ್ರಿಡ್. ಬೀಜವಿಲ್ಲದ ಕಲ್ಲಂಗಡಿಯೂ ಸಾಂಪ್ರದಾಯಿಕ ತಳಿ ವಿಧಾನದ್ದೇ. ಹಾವೇರಿ, ದಾವಣಗೆರೆ ಸೀಮೆಯಲ್ಲಿ ಎಕರೆಗಟ್ಟಲೆ ನಿಂತಿರುವ ಗೋವಿನಜೋಳವೂ ಹೈಬ್ರಿಡ್. ಇವುಗಳ ರುಚಿ ನಿಮಗೆ ಸೇರದೆ ಇರಬಹುದು, ಜವಾರಿ ಟೊಮೆಟೊದ ಸಾರಿನ ಮುಂದೆ ಹೈಬ್ರಿಡ್ ಸಪ್ಪೆಯೇ. ಆದರೆ ಅವು ಕುಲಾಂತರಿ ಎಂದು ಹೆದರಿ ಬಿಡುವ ಕಾರಣವಿಲ್ಲ.

ಅಕ್ಕಿ, ಗೋಧಿ, ಜೋಳ, ರಾಗಿ, ಸಜ್ಜೆ, ತೊಗರಿ, ಕಡಲೆ, ಹೆಸರು, ಉದ್ದು, ಆಲೂಗಡ್ಡೆ, ಉಳ್ಳಾಗಡ್ಡಿ, ಸೊಪ್ಪು, ನಮ್ಮ ನೆಲದ ಹಣ್ಣು ಯಾವುದರಲ್ಲೂ ಕುಲಾಂತರಿ ತಳಿಗೆ ಭಾರತದಲ್ಲಿ ವಾಣಿಜ್ಯ ಬೇಸಾಯದ ಅನುಮತಿ ಸಿಕ್ಕಿಲ್ಲ. ಸಾಸಿವೆಯದು ಸ್ವಲ್ಪ ಬೇರೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಗೆ 2022ರ ಅಕ್ಟೋಬರ್‌ನಲ್ಲಿ ಜಿಇಎಸಿ ಒಪ್ಪಿಗೆ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜುಲೈನಲ್ಲಿ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಎರಡಾಯಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪಿಗೆಯನ್ನು ರದ್ದು ಮಾಡಬೇಕೆಂದರು, ನ್ಯಾಯಮೂರ್ತಿ ಸಂಜಯ್ ಕರೋಲ್ ಎತ್ತಿಹಿಡಿದರು. ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿ ಬೇಕು ಎನ್ನುವುದರಲ್ಲಿ ಮಾತ್ರ ಇಬ್ಬರೂ ಒಂದೇ ಮಾತು. ಒಗ್ಗರಣೆಯ ಸಾಸಿವೆ ಡಬ್ಬಿಯ ಬಗ್ಗೆ ಸದ್ಯಕ್ಕೆ ಚಿಂತೆ ಬೇಡ, ಆದರೆ ಸುದ್ದಿಯ ಮೇಲೆ ಕಣ್ಣಿರಲಿ.

ನಾನು ಯಾಕೆ ಬೇಡ ಎನ್ನುತ್ತೇನೆ

ಹಾದಿ ತಪ್ಪಿಸಬಾರದು ಎಂದು ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಈಗ ಇರುವ ಕುಲಾಂತರಿ ಆಹಾರಗಳು ಸುರಕ್ಷತಾ ಪರೀಕ್ಷೆ ದಾಟಿ ಬಂದವು, ಅವುಗಳಿಂದ ಆರೋಗ್ಯಕ್ಕೆ ಅಪಾಯವಾಗುವ ಸಂಭವ ಕಡಿಮೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ತಿಂದರೆ ಕಾಯಿಲೆ ಬರುತ್ತದೆ ಎಂದು ನಾನು ಯಾರನ್ನೂ ಹೆದರಿಸುವುದಿಲ್ಲ. ನನ್ನ ಕಾರಣ ಬೇರೆ. ನಮ್ಮ ಅಜ್ಜ ಜಯಧರ ಹತ್ತಿಯ ಬೀಜವನ್ನು ಮನೆಯಲ್ಲೇ ಒಣಗಿಸಿ ಇಡುತ್ತಿದ್ದ. ಅವನ ಮೊಮ್ಮಕ್ಕಳು ಪ್ರತಿ ಮುಂಗಾರಿಗೆ ಬೀಜದಂಗಡಿಯ ಮುಂದೆ ಪಾಳಿ ಹಚ್ಚುತ್ತಾರೆ. ಬೀಜ ಒಕ್ಕಲಿಗನ ಕೈ ತಪ್ಪಿದ್ದು ಹೈಬ್ರಿಡ್ ಹತ್ತಿಯಿಂದಲೇ ಶುರುವಾಯಿತು. 2002ರಲ್ಲಿ ಬೀಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಜವಾರಿ ಹತ್ತಿ ಹೊಲದಿಂದಲೇ ಮಾಯವಾಯಿತು. ರಾಯಚೂರು ಜಿಲ್ಲೆಯಲ್ಲಿ 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೀಟಿ ಹತ್ತಿಯ ಪ್ರಾಯೋಗಿಕ ತಾಕುಗಳನ್ನು ಸುಟ್ಟಾಗ ಆ ಸಿಟ್ಟಿನ ಹಿಂದಿದ್ದ ಪ್ರಶ್ನೆಯೂ ಇದೇ: ಬೀಜ ಯಾರದು? ನಾನು ಕೊಡುವ ದುಡ್ಡು ಯಾವ ಬೇಸಾಯವನ್ನು ಬೆಳೆಸುತ್ತದೆ ಎಂದು ತಿಳಿದು ಕೊಡಬೇಕು ಎನ್ನುವುದು ನನ್ನ ಹಟ. ನಿಮ್ಮ ಕಾರಣ ಬೇರೆ ಇರಬಹುದು. ಕಾರಣ ಯಾವುದು ಎನ್ನುವುದು ಮುಂದೆ ಎಣ್ಣೆಯ ವಿಷಯದಲ್ಲಿ ಲೆಕ್ಕಕ್ಕೆ ಬರುತ್ತದೆ.

ಎಣ್ಣೆ, ಎಣ್ಣೆ, ಎಣ್ಣೆ

ಭಾರತದಲ್ಲಿ ಬೆಳೆಯಲು ಅನುಮತಿ ಇರುವ ಒಂದೇ ಕುಲಾಂತರಿ ಬೆಳೆ ಹತ್ತಿ. ದೇಶದ ಹತ್ತಿ ಬೇಸಾಯದ ಶೇ 90ಕ್ಕೂ ಹೆಚ್ಚು ಭಾಗ ಬೀಟಿಯೇ. ಹತ್ತಿಯನ್ನು ಯಾರು ತಿನ್ನುತ್ತಾರೆ ಎಂದು ಕೇಳಬಹುದು. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಒಂದು ಕಡೆ ಹೋದರೆ ಹತ್ತಿಕಾಳು ಇನ್ನೊಂದು ಕಡೆ ಬೀಳುತ್ತದೆ. ಆ ಕಾಳನ್ನು ಹಿಂಡಿದರೆ ಎಣ್ಣೆ, ಉಳಿದದ್ದು ದನದ ಹಿಂಡಿ. ಈ ಎಣ್ಣೆ ಗುಜರಾತಿನಲ್ಲಿ ನೇರವಾಗಿ ಅಡುಗೆಗೇ ಬಳಕೆಯಾಗುತ್ತದೆ. ಅದಕ್ಕೆ ತನ್ನದೇ ವಾಸನೆ ಇಲ್ಲ, ಬೆಲೆ ಕಡಿಮೆ, ಕರಿಯಲು ಅನುಕೂಲ. ಹಾಗಾಗಿ ಕರಿದ ತಿಂಡಿ, ವನಸ್ಪತಿ, ಬೇಕರಿ ಕೊಬ್ಬು, ಮಿಶ್ರ ಎಣ್ಣೆ ಎಲ್ಲದರೊಳಗೂ ಸೇರಿಕೊಳ್ಳುತ್ತದೆ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ 'ಕಾಟನ್‌ಸೀಡ್ ಆಯಿಲ್' ಎಂದಿರುತ್ತದೆ. ಆ ಪದ ಕಂಡರೆ ಅದು ಬೀಟಿ ಹತ್ತಿಯದೇ ಎಂದು ತಿಳಿಯಿರಿ. ಬೇರೆ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ.

ಎರಡನೆಯದು ಸೋಯಾ ಎಣ್ಣೆ. ಇಲ್ಲಿ ಒಂದು ತೊಡಕಿದೆ. ಬೀದರ್, ಬೆಳಗಾವಿ, ಧಾರವಾಡದ ಹೊಲಗಳ ಸೋಯಾ, ಮಧ್ಯಪ್ರದೇಶದ ಸೋಯಾ, ಇವ್ಯಾವೂ ಕುಲಾಂತರಿ ಅಲ್ಲ. ಆದರೆ ನಾವು ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಸೋಯಾ ಎಣ್ಣೆ ಬರುವುದು ಮುಖ್ಯವಾಗಿ ಅರ್ಜೆಂಟೀನಾ ಮತ್ತು ಬ್ರೆಜಿಲ್‌ನಿಂದ. ಅಲ್ಲಿನ ಸೋಯಾ ಬಹುಪಾಲು ಕಳೆನಾಶಕ ತಡೆದುಕೊಳ್ಳುವ ಕುಲಾಂತರಿ ತಳಿ. ಆ ಎಣ್ಣೆಯ ಆಮದಿಗೆ ಜಿಇಎಸಿ 2007ರಲ್ಲೇ ಅನುಮತಿ ಕೊಟ್ಟಿದೆ, ಆದ್ದರಿಂದ ಇದರಲ್ಲಿ ಕಳ್ಳತನವೇನೂ ಇಲ್ಲ. ಕಚ್ಚಾ ಎಣ್ಣೆ ಹಡಗಿನಲ್ಲಿ ಬಂದು, ಬಂದರಿನ ಬಳಿಯ ಕಾರ್ಖಾನೆಯಲ್ಲಿ ಸಂಸ್ಕರಣೆಯಾಗಿ, ನಮ್ಮ ಊರಿನ ಎಣ್ಣೆಯಂತೆಯೇ ಪಾಕೀಟಾಗುತ್ತದೆ. ಅಂಗಡಿಯಲ್ಲಿ ಕೈಗೆ ಸಿಗುವ ಸೋಯಾ ಎಣ್ಣೆ ಯಾವ ಹೊಲದ್ದು ಎಂದು ಕೊಳ್ಳುವವರು ಗುರುತಿಸಲಾರರು. ನಾನಂತೂ ಸೋಯಾ ಎಣ್ಣೆ ತರುವುದನ್ನೇ ಬಿಟ್ಟಿದ್ದೇನೆ. ಸೋಯಾ ಚಂಕ್ಸ್ ಮಾತ್ರ ಇಲ್ಲಿನ ಕಾಳಿನದೇ ಎಂದು ಪಾಕೀಟು ಹೇಳಿದರೆ ತರುತ್ತೇನೆ.

ಮೂರನೆಯದು ಕೆನೋಲಾ. ಹೃದಯಕ್ಕೆ ಒಳ್ಳೆಯದು ಎಂಬ ಜಾಹೀರಾತಿನೊಂದಿಗೆ ದೊಡ್ಡ ಮಳಿಗೆಗಳ ಕಪಾಟು ಸೇರಿದೆ. ಇದು ಸಾಸಿವೆಯ ಬಳಗದ ಬೆಳೆ. ಬರುವುದು ಹೆಚ್ಚಾಗಿ ಕೆನಡಾದಿಂದ, ಅಲ್ಲಿ ಬೆಳೆಯುವುದು ಬಹುತೇಕ ಕುಲಾಂತರಿ ತಳಿಯೇ.

ಇನ್ನು ನೆಮ್ಮದಿಯ ಪಟ್ಟಿ. ಶೇಂಗಾ, ಸೂರ್ಯಕಾಂತಿ, ಕುಸುಬಿ, ಎಳ್ಳು, ಹುಚ್ಚೆಳ್ಳು, ಕೊಬ್ಬರಿ, ಅಕ್ಕಿತೌಡು. ಇವುಗಳಲ್ಲಿ ಯಾವುದರ ಕುಲಾಂತರಿ ಎಣ್ಣೆಯೂ ನಮ್ಮ ಪೇಟೆಗೆ ಬರುತ್ತಿಲ್ಲ. ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ರಷ್ಯಾ, ಉಕ್ರೇನ್‌ಗಳಿಂದ ಬಂದರೂ ಅದು ಕುಲಾಂತರಿ ಅಲ್ಲ. ಪಾಮ್ ಎಣ್ಣೆಯ ಮೇಲೆ ಕಾಡು ನಾಶದಂಥ ಬೇರೆ ಆಕ್ಷೇಪಗಳಿವೆ, ಆದರೆ ಅದೂ ಕುಲಾಂತರಿ ಅಲ್ಲ. ಹಾಗಾಗಿ ಈ ನಿರ್ಧಾರಕ್ಕೆ ದುಬಾರಿ ಎಣ್ಣೆಯೇ ಬೇಕೆಂದಿಲ್ಲ. ಗಾಣದ ಶೇಂಗಾ ಎಣ್ಣೆ ಕೈಗೆ ಎಟುಕದವರು ಅಂಗಡಿಯ ಸಾದಾ ಸೂರ್ಯಕಾಂತಿ ಎಣ್ಣೆ ತಂದರೂ ಉದ್ದೇಶ ನೆರವೇರುತ್ತದೆ. ನಮ್ಮ ಮನೆಯಲ್ಲಿ ಒಗ್ಗರಣೆಗೆ ಮತ್ತು ಚಟ್ನಿಪುಡಿ ಕಲಸಲು ಗಾಣದ್ದು, ಕರಿಯಲು ಸೂರ್ಯಕಾಂತಿ. ಹಿಂದೆ ಈ ಸೀಮೆಯ ರೊಟ್ಟಿ ಊಟದ ಜತೆ ಕುಸುಬಿ ಎಣ್ಣೆಯೇ ಇರುತ್ತಿತ್ತು. ಇವತ್ತಿಗೂ ಕೇಳಿದರೆ ಕೆಲವು ಗಾಣಗಳಲ್ಲಿ ಸಿಗುತ್ತದೆ. ಕೇಳುವವರು ಹೆಚ್ಚಾದರೆ ಬಿತ್ತುವವರೂ ಹೆಚ್ಚಾಗುತ್ತಾರೆ.

ಪಾಕೀಟು ತಿರುಗಿಸಿ ಓದುವಾಗ ಮುಂಭಾಗದ ದೊಡ್ಡಕ್ಷರವನ್ನು ನಂಬಬೇಡಿ. ಮುಂದೆ ಶೇಂಗಾ ಕಾಯಿಯ ಚಿತ್ರ ಇರಬಹುದು. ಹಿಂದೆ 'ಬ್ಲೆಂಡೆಡ್' ಅಥವಾ 'ಮಲ್ಟಿ ಸೋರ್ಸ್' ಎಂದಿದ್ದರೆ ಅದು ಎರಡು ಎಣ್ಣೆಗಳ ಮಿಶ್ರಣ. ಯಾವ ಎಣ್ಣೆ ಶೇಕಡ ಎಷ್ಟು ಎಂದು ಅದರಲ್ಲಿ ಬರೆಯಲೇಬೇಕು. ನಾನು ನಮ್ಮ ಓಣಿಯ ಅಂಗಡಿಯಲ್ಲಿ ಇಂಥದೊಂದು ಪಾಕೀಟು ತಿರುವಿ ನೋಡಿದಾಗ ಒಳಗಿದ್ದದ್ದು ಹೆಚ್ಚಿನ ಪಾಲು ಸೋಯಾ. ಅಂಗಡಿಯವ ಅದನ್ನು ಶೇಂಗಾ ಎಣ್ಣೆ ಎಂದೇ ಕೊಡುತ್ತಿದ್ದ. ಮೋಸ ಮಾಡುವ ಮನುಷ್ಯನಲ್ಲ ಅವನು, ಅವನೂ ಚಿತ್ರವನ್ನಷ್ಟೇ ನೋಡಿದ್ದ.

ಇನ್ನೊಂದು ಅಡ್ಡದಾರಿ ಕಲಬೆರಕೆ. ಬಿಡಿ ಶೇಂಗಾ ಎಣ್ಣೆಗೆ ಅಗ್ಗದ ಹತ್ತಿಕಾಳಿನ ಎಣ್ಣೆ ಬೆರೆಸುವುದು ಹಳೆಯ ದಂಧೆ. ಇದನ್ನು ಹಿಡಿಯಲು ಹ್ಯಾಲ್ಫೆನ್ ಪರೀಕ್ಷೆ ಎಂಬ ಹಳೆಯ, ನಂಬಿಗಸ್ತ ವಿಧಾನವಿದೆ. ಗಂಧಕ ಕರಗಿಸಿದ ಕಾರ್ಬನ್ ಡೈಸಲ್ಫೈಡ್ ಮತ್ತು ಅಮೈಲ್ ಆಲ್ಕೊಹಾಲ್ ಜತೆ ಎಣ್ಣೆಯನ್ನು ಕಾಯಿಸಿದಾಗ ಹತ್ತಿಕಾಳಿನ ಎಣ್ಣೆ ಇದ್ದರೆ ಬಣ್ಣ ಕೆಂಪಗಾಗುತ್ತದೆ. ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ, ಆ ದ್ರಾವಣ ಥಟ್ಟನೆ ಹೊತ್ತಿಕೊಳ್ಳುವಂಥದ್ದು. ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಕೊಂಡವರೇ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದು ಓಣಿಯ ನಾಲ್ಕು ಮನೆಯವರು ಸೇರಿ ಒಂದು ಗಾಣದ ಎಣ್ಣೆಯನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಿದರೆ ಖರ್ಚು ಹಂಚಿಹೋಗುತ್ತದೆ, ಗಾಣದವನಿಗೂ ಒಂದು ಎಚ್ಚರ ಇರುತ್ತದೆ.

ಈಗ ಕಾರಣದ ಮಾತಿಗೆ ಬರುತ್ತೇನೆ. ಚೆನ್ನಾಗಿ ಸಂಸ್ಕರಿಸಿದ ಎಣ್ಣೆಯಲ್ಲಿ ಗಿಡದ ಡಿಎನ್‌ಎ ಮತ್ತು ಪ್ರೊಟೀನ್ ಬಹುಪಾಲು ಹೊರಟುಹೋಗಿರುತ್ತವೆ. ನಿಮ್ಮ ಅಂಜಿಕೆ ಬೀಟಿ ಪ್ರೊಟೀನ್ ಹೊಟ್ಟೆಗೆ ಹೋಗುತ್ತದೆ ಎಂಬುದಷ್ಟೇ ಆಗಿದ್ದರೆ ರಿಫೈನ್ಡ್ ಎಣ್ಣೆಯಲ್ಲಿ ಅದಕ್ಕೆ ಅವಕಾಶ ತೀರ ಕಡಿಮೆ. ನನ್ನಂತೆ ಬೀಜದ, ಬೇಸಾಯದ ಕಾರಣಕ್ಕೆ ಬೇಡ ಎನ್ನುವವರಿಗೆ ಮಾತ್ರ ಎಣ್ಣೆಯೇ ಮೊದಲ ಜಾಗ.

ಪಾಕೀಟಿನ ಮೇಲೆ ಏನು ಬರೆದಿರುತ್ತದೆ, ಏನು ಇರುವುದಿಲ್ಲ

ಕುಲಾಂತರಿ ಆಹಾರವಿರುವ ಪೊಟ್ಟಣದ ಮುಂಭಾಗದ ಮೇಲ್ತುದಿಯಲ್ಲಿ 'ಜಿಎಂ' ಎಂಬ ಎರಡಕ್ಷರ ಇರಬೇಕು ಎಂಬ ನಿಯಮ 2013ರ ಜನವರಿಯಲ್ಲಿ ಜಾರಿಗೆ ಬಂತು. ಇಷ್ಟು ವರ್ಷಗಳಲ್ಲಿ ನಾನು ಒಂದೇ ಒಂದು ಪೊಟ್ಟಣದ ಮೇಲೂ ಅದನ್ನು ಕಂಡಿಲ್ಲ. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಎಂದರೆ ಎಫ್‌ಎಸ್‌ಎಸ್‌ಎಐ, ಶೇ 1 ಅಥವಾ ಅದಕ್ಕಿಂತ ಹೆಚ್ಚು ಕುಲಾಂತರಿ ಅಂಶವಿದ್ದರೆ ಲೇಬಲ್ಲಿನಲ್ಲಿ ಹೇಳಬೇಕು ಎಂಬ ಕರಡನ್ನು ಪ್ರಕಟಿಸಿತು.

ಲೇಬಲ್ಲಿನ ಮೌನವನ್ನು 'ಇಲ್ಲ' ಎಂದು ಓದಬಾರದು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2018ರಲ್ಲಿ 65 ಆಹಾರ ಮಾದರಿಗಳನ್ನು ತನ್ನ ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಶೇ 32ರಷ್ಟರಲ್ಲಿ ಕುಲಾಂತರಿ ಅಂಶ ಪತ್ತೆಯಾಯಿತು. ಅವುಗಳಲ್ಲಿ ಹೆಚ್ಚಿನವು ಆಮದಾದವು. ದೇಶದಲ್ಲೇ ತಯಾರಾದವುಗಳಲ್ಲಿ ಸಿಕ್ಕಿಬಿದ್ದದ್ದು ಹತ್ತಿಬೀಜದ ಎಣ್ಣೆ. ಬಹುಪಾಲು ಪೊಟ್ಟಣಗಳ ಮೇಲೆ ಆ ವಿಷಯವೇ ಇರಲಿಲ್ಲ, ಕೆಲವು 'ಜಿಎಂ ಇಲ್ಲ' ಎಂದೂ ಬರೆದುಕೊಂಡಿದ್ದವು.

ಆಮದು ಧಾನ್ಯ, ಹಣ್ಣುಗಳಿಗೆ ಅದಾದ ಮೇಲೆ ಒಂದು ಗಟ್ಟಿ ಬೇಲಿ ಬಿತ್ತು. 2021ರ ಮಾರ್ಚ್ 1ರಿಂದ 24 ಬೆಳೆಗಳನ್ನು ಆಮದು ಮಾಡಿಕೊಳ್ಳುವಾಗ ಅವು ಕುಲಾಂತರಿ ಅಲ್ಲ ಎಂಬ ಪ್ರಮಾಣಪತ್ರ ಜತೆಗಿರಬೇಕು. ಸೇಬು, ಗೋವಿನಜೋಳ, ಸೋಯಾ, ಪಪ್ಪಾಯಿ, ಅನಾನಸು, ಆಲೂಗಡ್ಡೆ, ಅಕ್ಕಿ, ಗೋಧಿ ಎಲ್ಲ ಆ ಪಟ್ಟಿಯಲ್ಲಿವೆ. ಅಕಸ್ಮಾತ್ ಬೆರೆತದ್ದು ಶೇ 1ರೊಳಗಿದ್ದರೆ ವಿನಾಯಿತಿ ಇದೆ. ಈ ಆದೇಶ ಬೆಳೆಗಳಿಗೆ, ಅವುಗಳಿಂದ ತಯಾರಾಗಿ ಬರುವ ತಿಂಡಿ-ಎಣ್ಣೆಗಳಿಗಲ್ಲ. ಆದ್ದರಿಂದ ವಾಷಿಂಗ್ಟನ್ ಸೇಬಿನ ಬಗ್ಗೆ ಇರುವ ಧೈರ್ಯ ಅಮೆರಿಕದ ಕಾರ್ನ್ ಚಿಪ್ಸ್ ಬಗ್ಗೆ ಇರಬೇಕಿಲ್ಲ. ಹೊರದೇಶದ ಪಾಕೀಟಿನ ಹಿಂಬದಿಯಲ್ಲಿ ಕಾರ್ನ್, ಕಾರ್ನ್ ಸಿರಪ್, ಕಾರ್ನ್ ಸ್ಟಾರ್ಚ್, ಸೋಯಾ ಪ್ರೊಟೀನ್, ಸೋಯಾ ಲೆಸಿಥಿನ್, ಕೆನೋಲಾ ಎಂಬ ಹೆಸರುಗಳು ಕಂಡು, ಅದು ಅಮೆರಿಕ ಅಥವಾ ಕೆನಡಾದ್ದಾಗಿದ್ದರೆ, ಕುಲಾಂತರಿ ಇರಬಹುದೆಂದೇ ಲೆಕ್ಕ ಹಾಕಿ. ಅದೇ ಕಾರ್ನ್ ಫ್ಲೋರ್, ಅದೇ ಲೆಸಿಥಿನ್ ನಮ್ಮ ದೇಶದ ಕಾಳಿನದಾದರೆ ಅಲ್ಲ. ಪದಾರ್ಥದ ಹೆಸರೊಂದನ್ನೇ ನೋಡದೆ ಅದು ಹುಟ್ಟಿದ ದೇಶವನ್ನೂ ಸೇರಿಸಿ ಓದುವ ಅಭ್ಯಾಸ ಬೇಕು.

ಸೇಬಿನ ಮೇಲಿನ ಅಂಟುಚೀಟಿಯ ಅಂಕಿ 8ರಿಂದ ಶುರುವಾದರೆ ಅದು ಕುಲಾಂತರಿ ಎಂಬ ವಾಟ್ಸಾಪ್ ಸಂದೇಶ ವರ್ಷಕ್ಕೆರಡು ಬಾರಿ ನನಗೆ ಬರುತ್ತದೆ. ನಾಲ್ಕಂಕಿಯ ಸಂಖ್ಯೆಗೆ ಮೊದಲು 8 ಹಾಕುವ ಏರ್ಪಾಟು ಒಂದು ಕಾಲಕ್ಕೆ ಕಾಗದದ ಮೇಲೆ ಇತ್ತು, ಅಂಗಡಿಯಲ್ಲಿ ಎಂದೂ ಬಳಕೆಗೆ ಬರಲಿಲ್ಲ. 9ರಿಂದ ಶುರುವಾದರೆ ಸಾವಯವ ಎನ್ನುವುದು ಮಾತ್ರ ನಿಜ. ಆ ಅಂಕಿ ಹಾಕುವುದು ಮಾರುವವರ ಇಷ್ಟಕ್ಕೆ ಬಿಟ್ಟದ್ದು.

ಸಾವಯವ ಗುರುತಿಗೆ ಬೆಲೆ ಇದೆ. ಸಾವಯವ ಬೇಸಾಯದ ರಾಷ್ಟ್ರೀಯ ಕಾರ್ಯಕ್ರಮದ ನಿಯಮದಲ್ಲಿ ಕುಲಾಂತರಿ ಬೀಜಕ್ಕೆ ಜಾಗವೇ ಇಲ್ಲ. 'ಇಂಡಿಯಾ ಆರ್ಗ್ಯಾನಿಕ್' ಇಲ್ಲವೇ 'ಪಿಜಿಎಸ್ ಇಂಡಿಯಾ ಆರ್ಗ್ಯಾನಿಕ್' ಮುದ್ರೆ ಮತ್ತು 'ಜೈವಿಕ್ ಭಾರತ್' ಗುರುತು ಇದೆಯೇ ನೋಡಿ. ಬರೀ 'ನ್ಯಾಚುರಲ್', 'ಪ್ಯೂರ್', 'ಫಾರ್ಮ್ ಫ್ರೆಶ್' ಎನ್ನುವುದು ಯಾವ ಮುದ್ರೆಯೂ ಅಲ್ಲ. ಉಪ್ಪು, ಬೆಲ್ಲ, ಅರಿಶಿನ, ತೊಗರಿಬೇಳೆಯ ಮೇಲೆ 'ನಾನ್ ಜಿಎಂಒ' ಎಂದು ಬರೆದು ನಾಲ್ಕು ಕಾಸು ಹೆಚ್ಚಿಗೆ ಕೇಳಿದರೆ ಕೊಡಬೇಡಿ. ಅವುಗಳಲ್ಲಿ ಕುಲಾಂತರಿ ಪೇಟೆಯಲ್ಲೇ ಇಲ್ಲ. ಸಾವಯವಕ್ಕೆ ಇಟ್ಟ ಹಣ ಸೀಮಿತವಾಗಿದ್ದರೆ ಅದನ್ನು ಎಣ್ಣೆಗೆ ಖರ್ಚು ಮಾಡಿ, ಕೊತ್ತಂಬರಿಗಲ್ಲ.

ಹಾಲು, ಮೊಟ್ಟೆ

ಹತ್ತಿಕಾಳು ಹಿಂಡಿ ತಿಂದ ಎಮ್ಮೆಯ ಹಾಲು ಕುಲಾಂತರಿಯೇ ಎಂದು ನನ್ನ ಅತ್ತಿಗೆ ಒಮ್ಮೆ ಗಾಬರಿಯಿಂದ ಕೇಳಿದ್ದಳು. ಅಲ್ಲ. ಕುಲಾಂತರಿ ಮೇವು ತಿಂದ ಪ್ರಾಣಿಯ ಹಾಲು, ಮೊಟ್ಟೆ, ಮಾಂಸಕ್ಕೆ ಕುಲಾಂತರಿ ಲೇಬಲ್ ಬೇಕಿಲ್ಲ ಎನ್ನುವುದು ಈ ವಿಷಯದಲ್ಲಿ ಕಟ್ಟುನಿಟ್ಟಾದ ಯುರೋಪಿನಲ್ಲೂ ಇರುವ ನಿಯಮ. ಹೊಲದ ಲೆಕ್ಕ ಹಿಡಿಯುವವರಿಗೆ ಇಷ್ಟು ತಿಳಿದಿರಲಿ: 2021ರಲ್ಲಿ ಕೋಳಿ ಆಹಾರದ ಬೆಲೆ ಏರಿದಾಗ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅವಕಾಶ ಕೊಟ್ಟಿತ್ತು. ಊರ ಕೋಳಿಯ ಮೊಟ್ಟೆ ಸಿಗುವವರು ಅದನ್ನೇ ಕೊಳ್ಳಲಿ, ಸಿಗದವರು ಕೊರಗುವುದು ಬೇಡ.

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ

ಅಲ್ಲಿನ ಲೆಕ್ಕವೇ ಬೇರೆ. ಗೋವಿನಜೋಳ, ಸೋಯಾ, ಹತ್ತಿ ಮೂರರಲ್ಲೂ ಶೇ 90ಕ್ಕಿಂತ ಹೆಚ್ಚು ಕುಲಾಂತರಿ. ಅಲ್ಲಿ ತಯಾರಾಗುವ ಸಕ್ಕರೆಯ ಅರ್ಧಕ್ಕಿಂತ ಹೆಚ್ಚು ಬೀಟ್ ಗಡ್ಡೆಯದು, ಆ ಬೀಟ್ ಹೆಚ್ಚುಕಡಿಮೆ ಎಲ್ಲವೂ ಕುಲಾಂತರಿ. ಹಾಗಾಗಿ ಪಾಯಸಕ್ಕೆ ಸಕ್ಕರೆ ತರುವಾಗ 'ಕೇನ್ ಶುಗರ್' ಎಂದು ಬರೆದದ್ದನ್ನೇ ನೋಡಿ. ಹವಾಯಿಯ ಪಪ್ಪಾಯಿ 1998ರಿಂದಲೇ ಕುಲಾಂತರಿ, ವೈರಸ್ ರೋಗದಿಂದ ತೋಟಗಳನ್ನು ಉಳಿಸಲು ತಂದ ತಳಿ ಅದು. 2022ರ ಜನವರಿ 1ರಿಂದ ಅಲ್ಲಿ 'ಬಯೋಎಂಜಿನಿಯರ್ಡ್' ಎಂಬ ಮಾತು, ಹಸಿರು ಗುಂಡು ಚಿಹ್ನೆ ಅಥವಾ ಸ್ಕ್ಯಾನ್ ಮಾಡುವ ಗುರುತು ಕಡ್ಡಾಯ. ಕುಲಾಂತರಿ ಡಿಎನ್‌ಎ ಪತ್ತೆಯಾಗದಷ್ಟು ಸಂಸ್ಕರಿಸಿದ ಎಣ್ಣೆ, ಸಕ್ಕರೆಗಳು ಈ ನಿಯಮದಿಂದ ತಪ್ಪಿಸಿಕೊಳ್ಳುತ್ತವೆ, ಹೋಟೆಲ್ ಊಟಕ್ಕೂ ಇದು ಅನ್ವಯಿಸುವುದಿಲ್ಲ. ಎಣ್ಣೆಯ ವಿಷಯದಲ್ಲಿ ಅಲ್ಲಿ ನಂಬಬಹುದಾದದ್ದು ಸರ್ಕಾರದ 'ಯುಎಸ್‌ಡಿಎ ಆರ್ಗ್ಯಾನಿಕ್' ಮುದ್ರೆ, ಇಲ್ಲವೇ ಚಿಟ್ಟೆಯ ಚಿತ್ರವಿರುವ 'ನಾನ್ ಜಿಎಂಒ ಪ್ರಾಜೆಕ್ಟ್' ಗುರುತು. 'ವೆಜಿಟೇಬಲ್ ಆಯಿಲ್' ಎಂದಷ್ಟೇ ಬರೆದ ಅಲ್ಲಿನ ಬಾಟಲಿ ಹೆಚ್ಚಾಗಿ ಸೋಯಾ ಎಣ್ಣೆ. ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ತರುವ ಚಿಪ್ಸು, ಸೀರಿಯಲ್ಲುಗಳನ್ನು ಅಜ್ಜ-ಅಜ್ಜಿಗೆ ಕೊಡುವ ಮೊದಲು ಅವರು ಏನನ್ನು ಬೇಡ ಎಂದಿದ್ದಾರೆ ಕೇಳಿಕೊಳ್ಳಿ.

ಕರಿದ ತಿಂಡಿಯ ಡಬ್ಬಿ

ಮನೆಗೆ ತರುವ ಎಣ್ಣೆಯನ್ನು ಸರಿಪಡಿಸಿಕೊಂಡೆ ಎಂದು ನಾನು ನೆಮ್ಮದಿಯಾಗಿದ್ದಾಗಲೇ ದೀಪಾವಳಿ ಬಂತು. ನಮ್ಮ ಓಣಿಯಲ್ಲಿ ಕಾಕು ಒಬ್ಬರು ಫರಾಳದ ಸಾಮಾನು ಮಾಡಿಕೊಡುತ್ತಾರೆ. ಚಕ್ಕಲಿ, ಶೇವು, ಶಂಕರಪೋಳಿ, ಅವಲಕ್ಕಿ ಚೂಡಾ. ಅವರ ಚಕ್ಕಲಿ ಬಾಯಲ್ಲಿಟ್ಟರೆ ಮುರಿಯುವ ಸದ್ದೇ ಬೇರೆ. ಆರ್ಡರ್ ಕೊಡಲು ಹೋದಾಗ ಅವರ ಒಲೆಯ ಪಕ್ಕದಲ್ಲಿ 15 ಕಿಲೋದ ತಗಡಿನ ಡಬ್ಬಿ ನಿಂತಿತ್ತು. ಮುಚ್ಚಳದ ಸುತ್ತ ಜಿಡ್ಡು ಹಿಡಿದು ಅಕ್ಷರ ಮಸುಕಾಗಿದ್ದವು. ಸೆರಗಿನಿಂದ ಒರೆಸಿ ಓದಿದೆ: ಕಾಟನ್‌ಸೀಡ್.

ಕಾಕುಗೆ ಅದು ಗೊತ್ತಿರಲಿಲ್ಲ. "ಅಂಗಡಿಯಾಂವ ಕರಿಯಾಕ ಇದ ಚಲೋ ಅಂತ ಕೊಟ್ಟಾನವಾ, ಹೊಗಿ ಬರಂಗಿಲ್ಲ" ಎಂದರು. ಅವರ ಮಾತೂ ಸರಿಯೇ. ಒಂದು ಕಿಲೊ ಚಕ್ಕಲಿಯಲ್ಲಿ ಅವರಿಗೆ ಉಳಿಯುವುದೇ ಅಷ್ಟಿಷ್ಟು. ಎಣ್ಣೆ ಬದಲಿಸಿದರೆ ಆ ಉಳಿಕೆಯೂ ಹೋಗುತ್ತದೆ. ಬೇಕರಿ, ಖಾನಾವಳಿ, ಮಿರ್ಚಿ ಭಜಿಯ ಗಾಡಿ ಎಲ್ಲ ಕಡೆ ಇದೇ ಲೆಕ್ಕ. ಅಲ್ಲಿ ಲೇಬಲ್ ಇಲ್ಲ, ಇರುವುದು ಮೂಲೆಯಲ್ಲಿ ನಿಂತ ಡಬ್ಬಿಯಷ್ಟೇ. ಅದನ್ನು ನೋಡಿ ಕೇಳಬೇಕು. ಜಗಳದ ದನಿಯಲ್ಲಿ ಕೇಳಿದರೆ ಯಾರೂ ಹೇಳುವುದಿಲ್ಲ. ಪಾಕೀಟಿನ ಶೇವು, ಮಿಕ್ಸ್ಚರ್‌ನಲ್ಲಿ ಎಣ್ಣೆಯ ಹೆಸರನ್ನು ಕಂಸದಲ್ಲಿ ಬರೆದಿರುತ್ತಾರೆ. ಪಾಮ್, ಅಕ್ಕಿತೌಡು, ಕಾಟನ್‌ಸೀಡ್ ಎಂದು ಎರಡು ಮೂರು ಹೆಸರು ಒಟ್ಟಿಗೆ ಇದ್ದರೆ ಅದರಲ್ಲಿ ಹತ್ತಿಯದೂ ಉಂಟು ಎಂದು ತಿಳಿದು ಬಿಟ್ಟುಬಿಡಿ.

ಕಾಕು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡುತ್ತ ಕುಳಿತರು. ಆಮೇಲೆ, "ನಿಮಗ ಬ್ಯಾಡಂದ್ರ ಎಣ್ಣಿ ನೀವ ತಂದು ಕೊಡ್ರಿ, ಕೂಲಿ ಅಷ್ಟ ತೊಗೊಂತೀನಿ" ಎಂದರು. ಮರುದಿನ ನಾಲ್ಕು ಕಿಲೊ ಸೂರ್ಯಕಾಂತಿ ಎಣ್ಣೆ ಕೊಟ್ಟು ಬಂದೆ. ಸಂಜೆ ಮೊದಲ ಒಬ್ಬೆಯ ಚಕ್ಕಲಿ ಬಂತು, ಜತೆಗೆ ಉಳಿದ ಎಣ್ಣೆಯ ಪಾಕೀಟೂ ಬಂತು, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ. ಈ ಸಲ ಓಣಿಯ ಇನ್ನೂ ಮೂರು ಮನೆಯವರು ತಮ್ಮ ಎಣ್ಣೆ ತಾವೇ ಒಯ್ದು ಕೊಟ್ಟಿದ್ದಾರೆ.